ಗುಡಿಯಾನ ಪಾಲಿನ ಶಾಲು

…ಅಯ್ಯ, ಹಂಗಲ್ಲರಿ ಆಪಾ, ಬುಟ್ಟಿ ನೋಡಿ ಅಂಜಬ್ಯಾಡ್ರಿ! ಹಣ್ಣು ಅವ, ಅಷ್ಟೇ. ತೊಗೊಳ್ರಿ. ಮ್ಯಾಲಿನ ಸೇಬು ಮಾತ್ರ ತೊಗೊಳ್ರಿ, ಕೆಳಗ ಕೈ ಹಾಕಬ್ಯಾಡ್ರಿ. ಸನ್ಮಾನದ ಬುಟ್ಟಿ ಅಂದ್ರ ಮ್ಯಾಲ ನಾಕು ಸೇಬು, ನಡು ಹುಲ್ಲು, ಬುಡಕ ಕೊಳತ ಬಾಳಿಹಣ್ಣು. ಮೂವತ್ತು ವರ್ಷದಿಂದ ಇಸಗೊಳ್ಳಾಕತ್ತೀನಿ, ನನಗ ಗೊತ್ತಿಲ್ಲೇನು? ಇದು ಮೊನ್ನಿ ಭಾಲ್ಕಿಯೊಳಗ ಕೊಟ್ಟದ್ದು. ನಿಮಗಂತ ತಂದೀನಿ. ಅಲ್ಲ… ಕೊಳತದ್ದು ನಿಮಗಂತ ಅಲ್ಲ! ಮ್ಯಾಲಿಂದು, ಮ್ಯಾಲಿಂದು. ನಗಾಕತ್ತೀರೇನು? ನಗ್ರಿ, ನಗ್ರಿ. ನಿಮ್ಮ ನಗು ನೋಡಿ ಇಪ್ಪತ್ತು ವರ್ಷ ಆತು.

ಚಾ ಬ್ಯಾಡ್ರಿ, ಏಳಬ್ಯಾಡ್ರಿ. ಔರಾದ ಬಸ್ ಸ್ಟ್ಯಾಂಡಿನ್ಯಾಗ ಕುಡದೇ ಬಂದೀನಿ. ನೀವು ನಿಮ್ಮ ಉದ್ದು ಹಸನ ಮಾಡ್ರಿ. ದುಕಾನದವರದೇನು? ಒಂದು ಚೀಲ ಪೂರಾ? ಈ ವಯಸ್ಸಿನ್ಯಾಗ ಹಳ್ಳು ಆರಿಸಿ ಆರಿಸಿ ಕಣ್ಣು ಏನಾಗಬೇಕು… ಇರಲಿ, ಇರಲಿ. ನಾ ಯಾರು ಹೇಳಾಕ. ಕೇರೋ ಮರ ಆಡಲಿ, ನಾ ಮಾತಾಡ್ತೇನಿ.

ಬಾಗಿಲದಾಗ ನಿಂತು ಹೆಸರು ಹೇಳಿದೆ ರೀ. "ಭಾಲ್ಕಿ ಮಚ್ಛೇಂದ್ರ ರೀ ಆಪಾ, ನಿಮ್ಮ ತಮ್ಮ ಜುಲ್ಫೀಕಾರನ ಸಂಗಾಟ ಹಾಡತಿದ್ದವ" ಅಂದೆ. ನೀವು "ಬಾ" ಅಂದ್ರಿ. ಒಂದೇ ಮಾತು. ಅದರ ಮ್ಯಾಲ ಇನ್ನೂ ಎರಡನೇ ಮಾತು ಬಂದಿಲ್ಲ ನಿಮ್ಮ ಬಾಯಿಂದ. ಹಮೀದುನ್ನಿಸಾ ಆಪಾ ಹಂಗೇ ಅಂತ ಜುಲ್ಫೀ ಹೇಳತಿದ್ದ. ಮಾತಿಗಿ ಕಂಜೂಸಿ, ಹಾಡಿಗಿ ಅಲ್ಲ ಅಂತಿದ್ದ. ಪಾಪ, ಹೋಗಿ ನಾಕು ವರ್ಷ ಆತು ಅಲ್ಲರಿ? ಮಯ್ಯತ್ತಿಗಿ, ಮಣ್ಣು ಕೊಡಾಕ ಬರಬೇಕಂತ ಅಂಗಿ ಹಾಕ್ಕೊಂಡು ನಿಂತಿದ್ದೆ, ಕಸಮ್. ಏನೋ ಒಂದು ಪ್ರೋಗ್ರಾಮ ಬಂತು… ಬರಲಿಲ್ಲ.

ಈ ಶಾಲು? ಇದೂ ನಿಮಗೇ ರೀ. ಯಾಕಂತ ಹೇಳ್ತೇನಿ. ಬಾಜೂಕ ಇಟಗೊಳ್ರಿ ಈಗ.

ನಾಳೆ ಮುಂಜಾನಿ ಹನ್ನೊಂದಕ್ಕ ಬೀದರದಾಗ ಪ್ರೋಗ್ರಾಮ ಅದ. ರಂಗಮಂದಿರದಾಗ. ಗಡಿನಾಡು ಗಾನ ವೇದಿಕೆ ಅಂತ ಒಂದು ಸಂಘ, ಹಣಮಂತಪ್ಪ ಅಂತ ಅದರ ಕಾರ್ಯದರ್ಶಿ. ನನಗ ಜೀವಮಾನ ಸಾಧನೆ ಪ್ರಶಸ್ತಿ ಕೊಡ್ತಾರಂತ. ಮ್ಯಾಲ ಒಂದು ಬಿರುದು ಬ್ಯಾರೆ — "ಪಾಪ್ ಗಾನ ಸಾಮ್ರಾಟ". ಸಾಮ್ರಾಟ! ಭಾಲ್ಕಿಯೊಳಗ ಎರಡು ಖೋಲಿ ಮನಿ, ನಳಕ್ಕ ಐದು ದಿನಕ್ಕೊಮ್ಮೆ ನೀರು, ಸಾಮ್ರಾಟ!

ಯಾಕ, ಹಂಗ ಯಾಕ ನೋಡ್ತೀರಿ? ಖುಷಿ ಇಲ್ಲೇನು ನಿನಗ ಅಂತ? ಖರೇ ಹೇಳ್ಲೇನು ಆಪಾ… ಹೇಸಿಗಿ ಬಂದದ ರೀ. ಪ್ರಶಸ್ತಿ ಅನ್ನೋ ಮಾತು ಕಿವಿಗಿ ಬಿದ್ರ ಸಾಕು, ಅತ್ತರು ಹಚ್ಚಿದ ಕೈಲೆ ಸತ್ತ ಇಲಿ ಎತ್ತಿದಂಗ.

ಹ್ಯಾಂಗ ಕೊಡ್ತಾರ ಗೊತ್ತದೇನು ನಿಮಗ? ಹತ್ತಕ್ಕ ಬಾ ಅಂತಾರ. ಸಾಹೇಬರು ಬರೋದು ಎರಡಕ್ಕ. ಅಲ್ಲಿತನಕ ನಮ್ಮನ್ನ ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಸಾಲಾಗಿ ಕುಂದರಸ್ತಾರ, ದವಾಖಾನಿಯೊಳಗ ಚೀಟಿ ಹಿಡಕೊಂಡು ಕುಂತಂಗ. ಸಾಹೇಬರು ಬಂದ ಮ್ಯಾಲ ಏಳು ನಿಮಿಷದಾಗ ನಲವತ್ತು ಮಂದಿಗಿ ಸನ್ಮಾನ. ಪೇಟ ಒಂದೇ ರೀ! ಒಂದೇ ಪೇಟ! ನನ್ನ ತಲಿಮ್ಯಾಲ ಇಟ್ಟು ಫೋಟೋ ಹೊಡೀತಾರ, ಕಿತ್ತು ಮುಂದಿನವನ ತಲಿಗಿ ಇಡ್ತಾರ. ಅವನ ಬೆವರು ನನಗ, ನನ್ನ ಬೆವರು ಅವನಿಗ. ಥೂ! ಒಂದು ಸಲ ಔರಾದದಾಗೇ, ಇಲ್ಲೇ ನಿಮ್ಮ ಊರಾಗೇ, ಶಾಲು ಹೊಚ್ಚಿದವನೇ ಮೆಟ್ಟಲ ಇಳಿಯೋ ಮುಂದ ಬೆನ್ನಹಿಂದಿಂದ ಎಳಕೊಂಡ. "ಮಾಮಾ, ಒಂದು ಕಮ್ಮಿ ಬಿದ್ದದ" ಅಂದ.

ಬಿದ್ರಿ ತಟ್ಟಿಯ ಕಥಿ ಕೇಳ್ರಿ. ಬೀದರದಾಗೇ ಕೊಟ್ಟದ್ದು. ಕರ್ರಗ ಮಿರಿ ಮಿರಿ ಮಿಂಚತದ, ನಡು ಬೆಳ್ಳಿ ತಂತಿಯ ಬಳ್ಳಿ. ಮಾಡಿದವ ಯಾರೋ ಛಲೋ ಉಸ್ತಾದ. ಎದಿಗಿ ಒತ್ತಿಕೊಂಡು ಬಸ್ಸಿನ್ಯಾಗ ಬಂದೆ. ಮನ್ಯಾಗ ಮಹಾಮಾಯಾ… ನನ್ನ ಹೆಂಡ್ತಿ ರೀ, ನೀವು ನೋಡೀರಿ… ಆಕಿ ಓದಿ ಹೇಳಿದ್ಲು: "ಪಾಪ ಗಾಯಕ ಮಚ್ಛೇಂದ್ರ ಅವರಿಗೆ." ಪಾಪ್ ಅಲ್ಲ, ಪಾಪ! ಸಣ್ಣದೊಂದು ಗೆರಿ ಬಿಟ್ಟಾರ. ನಾ ಸಿಟ್ಟಿಗೆದ್ದೆ, ಆಕಿ ನಗಲಿಲ್ಲ. ನಗಲಿಲ್ಲ ನೋಡ್ರಿ. "ಸರಿ ಬರದಾರಲ್ಲ" ಅಂದ್ಲು.

ಡಾಕ್ಟರೇಟೂ ಅದ ರೀ ನನಗ! ಹೌದು, ಡಾಕ್ಟರ್ ಮಚ್ಛೇಂದ್ರ. ಎಲ್ಲೋ ದೂರದ ಊರಿನ ಲಾಡ್ಜಿನ್ಯಾಗ, ಊಟದ ಹಾಲಿನ್ಯಾಗ, ಕರೀ ಗೌನು ಹಾಕಿಸಿ ಕೊಟ್ರು. ಗೌನಿಗಿ ಸಾಂಬಾರದ ವಾಸನಿ ಬರ್ತಿತ್ತು. ನನ್ನ ಬಾಜೂಕ ಜ್ಯೋತಿಷಿ ಒಬ್ಬವ, ಹಲ್ಲಿನ ಪೇಸ್ಟ್ ಮಾರೋವ ಒಬ್ಬವ, ಮೂರು ಮಂದಿ ಡಾಕ್ಟರ್ ಆಗಿ ಒಂದೇ ರಿಕ್ಷಾದಾಗ ಟೇಸನಕ್ಕ ಬಂದಿವಿ.

ನಗ್ರಿ ಆಪಾ. ಯಾಕ ನಗವಲ್ರಿ? ಈ ಮಾತಿಗಿ ಮಂದಿ ಬಿದ್ದು ಬಿದ್ದು ನಗ್ತಾರ.

ಬಾಳೇನು ಸಣ್ಣದಲ್ಲರಿ ನಂದು. ಭೀಮ ಜಯಂತಿಯೊಳಗ ಪೆಟ್ಟಿಗಿ ಮ್ಯಾಲ ನಿಂತು ಹಾಡಿದ ಹುಡುಗ. ಮಿಂಚೋ ಜಾಕೀಟು, ಉದ್ದ ಕೂದಲ, ಕ್ಯಾಸಿಯೋ. ಕ್ಯಾಸೆಟ್ ಬಂತು, ಸೀಡಿ ಬಂತು, ಫೋನಿನ ರಿಂಗ್ ಟೋನ್ ಬಂತು, ಈಗ ರೀಲ್ಸ್. ಎಲ್ಲಾದರಾಗೂ ಇದ್ದೆ. ಮುನ್ನೂರು ಹಾಡು ಹಾಡೀನಿ ಅಂತ ಆಹ್ವಾನ ಪತ್ರದಾಗ ಬರೀತಾರ. ಮುನ್ನೂರು! ಆದ್ರ ಸ್ಟೇಜಿನ ಮ್ಯಾಲ ಕಾಲಿಟ್ಟಕೂಡಲೇ ಮಂದಿ ಕೂಗೋದು ಒಂದೇ ಒಂದು…

*ಔರಾದ ಬಸ್ಸಿಗಿ ಬಂದಾನ ನವ್ಶಾ, ಒಂದ ಕಾಲಾಗ ಚಪ್ಪಲ…*
*ಅರೆ ಮಾಂ, ಒಂದ ಕಾಲಾಗ ಚಪ್ಪಲ!*

ಯಾಕ, ಮರ ಯಾಕ ನಿಂತಿತು? ದನಿ ಕೆಟ್ಟದೇನು ನಂದು? ಕೆಟ್ಟದ, ಗೊತ್ತದ. ಮೊದಲು ಛಲೋ ಇತ್ತೇನು ಅಂತೀರೇನು? ಅನ್ರಿ… ನೀವು ಅನ್ನೋರಲ್ಲ.

ಎಲ್ಲಾ ಪ್ರಶಸ್ತಿನೂ ಆ ಒಂದು ಹಾಡಿಗೇ ಬಂದವು ಆಪಾ. ತಾಲೂಕಾ ಪ್ರಶಸ್ತಿ ಅದಕ್ಕ, ಜಿಲ್ಲಾ ಪ್ರಶಸ್ತಿ ಅದಕ್ಕ, ಬಿದ್ರಿ ತಟ್ಟಿ ಅದಕ್ಕ, ಗೌನೂ ಅದಕ್ಕ. ಆ ಹಾಡು ಯಾರದು? ನಿಮಗ ಹೇಳಬೇಕೇನು? ಭಾತಂಬ್ರಾದಾಗ ಲಗ್ನ. ತೊಂಬತ್ತಮೂರನೇ ಇಸ್ವಿ. ಪರದೇದ ಆಕಡಿ ಹೆಣ್ಣಮಕ್ಕಳು ಢೋಲಕಿ ಹಾಡು ಹಾಡಾಕತ್ತಿದ್ರು, ಈಕಡಿ ನಾನೂ ಜುಲ್ಫೀನೂ ಬಿರಿಯಾನಿ ಹಾದಿ ನೋಡ್ಕೋತ ಕುಂತಿದ್ದಿವಿ. ಒಂದು ದನಿ ಎದ್ದಿತು. ನಡುವ ಸ್ವಲ್ಪ ಸೀಳಿದ ದನಿ, ತಗಡು ಕುಯ್ದಂಗ… ಮದಿಮಗನ್ನ ಬೈಯೋ ಹಾಡು, ಬಸ್ಸಿನ ಗದ್ದಲದಾಗ ಒಂದು ಚಪ್ಪಲ ಕಳಕೊಂಡು ಬಂದ ನವ್ಶಾನ ಹಾಡು. ಅರ್ಧಾ ಕನ್ನಡ, ಅರ್ಧಾ ನಿಮ್ಮ ದಖನಿ. ಪರದೇದ ಎರಡೂ ಕಡಿ ಮಂದಿ ಹೊಟ್ಟಿ ಹಿಡಕೊಂಡು ನಗಾಕತ್ತಿದ್ರು. ನನ್ನ ಕೈ ರೋಮ ನಿಂತ್ವು. "ಯಾರಲೇ ಅದು?" ಅಂದೆ. ಜುಲ್ಫೀ ಅಂದ, "ನಮ್ಮ ಆಪಾ. ಆಕಿನೇ ಕಟ್ಯಾಳ."

ನಿಮ್ಮನ್ನ ಒಪ್ಪಸಾಕ ಎರಡು ತಿಂಗಳು ಬೇಕಾತು. ಭಾಲ್ಕಿಯೊಳಗ ಕ್ಯಾಸೆಟ್ ದುಕಾನದ ಮಾಳಿಗಿ ಮ್ಯಾಲ, ಗೋಡಿಗಿ ಗಾದಿ ಕಟ್ಟಿ, ಕಿಡಕಿ ಮುಚ್ಚಿ… ಜೂನ್ ತಿಂಗಳು, ಫ್ಯಾನ್ ಹಚ್ಚಂಗಿಲ್ಲ, ಮೈಕಿನ್ಯಾಗ ಗಾಳಿ ಬರ್ತದ. ನೀವು ಬುರ್ಖಾದಾಗೇ ಹಾಡಿದ್ರಿ. ಒಂದೇ ಟೇಕ್. ಜುಲ್ಫೀ ಬೆಂಜೋ ಬಾರಿಸಿದ. ನಾನು ನಡನಡುವ "ಅರೆ ಮಾಂ" ಅಂದೆ. ಅಷ್ಟೇ ನನ್ನ ಕೆಲಸ ಆ ಹಾಡಿನ್ಯಾಗ. "ಅರೆ ಮಾಂ." ನಿಮ್ಮ ಅತ್ತೀಮನಿಯವರಿಗೆ ಗೊತ್ತಾಗಬಾರದು ಅಂತ ಹೆಸರು ಬ್ಯಾಡ ಅಂದ್ರಿ ನೀವು. ನಾ "ಗುಡಿಯಾ" ಅಂತ ಹಾಕಿಸಿದೆ. ಸಾಹಿತ್ಯ, ಸಂಗೀತ, ಗಾಯನ ಮಚ್ಛೇಂದ್ರ. ಸಹ ಗಾಯನ ಗುಡಿಯಾ. ನೀವೇ ಬ್ಯಾಡ ಅಂದಿದ್ರಿ ಅಲ್ಲೇನು? ಅಂದಿದ್ರಿ. ಹೆಸರು ಬ್ಯಾಡ ಅಂದಿದ್ರಿ… ಹಾಡು ಬ್ಯಾಡ ಅಂದಿರಲಿಲ್ಲ, ಅದು ಖರೇ.

ಅದಕ್ಕೇ ಬಂದೀನಿ ರೀ ಇವತ್ತು! ಸಿಹಿ ಸುದ್ದಿ! ನಾಳೆ ನಿಮಗೂ ಪ್ರಶಸ್ತಿ ಅದ. ಹಾಂ, ಗುಡಿಯಾ ಅವರಿಗೂ! ನಾನೇ ಹೇಳಿದೆ ಹಣಮಂತಪ್ಪಗ, ಆಕಿ ಇಲ್ಲದ ನಂದೇನದ ಅಂತ. ಈ ಶಾಲು ನಿಮ್ಮ ಪಾಲಿಂದು. ಮೊದಲೇ ತಂದು ಕೊಟ್ಟುಬಿಟ್ರ ನೀವು ಅಲ್ಲಿತನಕ ಬರೋ ತಕಲೀಫ್ ತಪ್ಪತದ ಅಂತ… ಮೊಣಕಾಲು ನೋವು ಇರಬೇಕು ನಿಮಗ. ಬಸ್ಸಿನ್ಯಾಗ ಗದ್ದಲ. ಬಿಸಲು. ಬರಬ್ಯಾಡ್ರಿ. ಆರಾಮ ಮನ್ಯಾಗ ಇರ್ರಿ. ಯಾರರೆ ಫೋನ್ ಮಾಡಿದ್ರ, ಇಲ್ಲಾ ಯಾರರೆ ಮಾಸ್ತರು ಗೀಸ್ತರು ಬಂದು "ನೀವೇ ಏನ್ರಿ ಗುಡಿಯಾ" ಅಂತ ಕೇಳಿದ್ರ… ಅಲ್ಲ ಅಂದುಬಿಡ್ರಿ. ಯಾಕ ಸುಮ್ಮನ ಝಂಝಟ್? ಈ ವಯಸ್ಸಿನ್ಯಾಗ…

ಆಹ್ವಾನ ಪತ್ರ? ತಂದೀನಿ ರೀ, ಜೇಬಿನ್ಯಾಗ ಅದ. ನೋಡ್ರಿ, ನೋಡ್ರಿ, ಎಷ್ಟು ಛಂದ ಛಾಪ್ಸ್ಯಾರ. ಎಲ್ಲಾ ಕನ್ನಡದಾಗ ಅದ, ನಿಮಗ ಉರ್ದು ಅಷ್ಟೇ ಅಲ್ಲೇನು ಬರೋದು. ಮ್ಯಾಲ ನನ್ನ ಫೋಟೋ. ಕೆಳಗ ಇಲ್ಲಿ ನೋಡ್ರಿ, ಗುಡಿಯಾ ಅಂತ ನಿಮ್ಮ ಹೆಸರು…

ಬೆರಳು ಯಾಕ ಅಲ್ಲಿ ಇಟ್ರಿ?

ಅದಾ? ಅದು… "ದಿ." ಹಾಂ. ದಿ. ಗುಡಿಯಾ. ಅದು ಇಂಗ್ಲೀಷ್ ರೀ ಆಪಾ! "ದಿ ಗ್ರೇಟ್" ಅಂತಾರಲ್ಲ, ಹಂಗ. ದಿ ಗುಡಿಯಾ. ದೊಡ್ಡ ಮಂದಿ ಹೆಸರಿನ ಮುಂದ ಹಾಕ್ತಾರ.

…ಹಿಂದ ಏನು ತೋರಸ್ತೀರಿ? ಗೂಟಕ್ಕ ಚೀಲ ಅದ. ಸಾಲಿ ಚೀಲ. ಯಾರದು? ಮೊಮ್ಮಗಳದೇನು? ಆಕಿ ಪುಸ್ತಕ ಓದಿ ಓದಿ… ನೀವೂ? ಕನ್ನಡ ಕಲತೀರಿ ಆಪಾ?

ಪೂರಾ ಓದಾಕ ಬರ್ತದೇನು? ಈ ಕೆಳಗಿನ ಸಾಲೂ?

ಓದಬ್ಯಾಡ್ರಿ. ಕೊಡ್ರಿ ಇಲ್ಲಿ. ಕೊಡ್ರಿ ಅಂದೆ… ಇಟಗೊಳ್ರಿ, ಇಟಗೊಳ್ರಿ, ನಿಮ್ಮದೇ ಅದು. ಓದಿ ಮುಗಸೀರಿ ಅಂತ ನಿಮ್ಮ ಮಾರಿ ಹೇಳಾಕತ್ತದ. "ದಿವಂಗತ ಗುಡಿಯಾ ಅವರಿಗೆ ಮರಣೋತ್ತರ ಸನ್ಮಾನ." ಹೌದು. ಹಂಗೇ ಅದ. ಮರಣೋತ್ತರ ಅಂದ್ರ ಸತ್ತ ಮ್ಯಾಲ ಕೊಡೋದು.

ತಪ್ಪು ರೀ ಅವರದು! ಹಣಮಂತಪ್ಪಂದು! ಇಂಥಾ ಮಂದಿ ಅಂತೇ ನಾ ಮೊದಲೇ ಹೇಳಲಿಲ್ಲೇನು, ಪಾಪ್ ಅಂತ ಬರಿಯಂದ್ರ ಪಾಪ ಅಂತ ಬರೀತಾರ, ಬದುಕಿದವರಿಗೆ ದಿವಂಗತ ಅಂತ…

ಹಂಗ ನೋಡಬ್ಯಾಡ್ರಿ ಆಪಾ. ಏನರೆ ಬೈರಿ. ಉದ್ದಿನ ಕಾಳು ಮಾರಿಗಿ ತೂರ್ರಿ.

ಒಂದು ಸಲ… ಬಾಯಿ ತಪ್ಪಿ ಆತು ರೀ. ಕಲಬುರಗಿಯ ಸ್ಟೇಜು. ಆಂಕರಿಂಗ್ ಮಾಡೋ ಹುಡುಗಿ ಮೈಕ್ ಹಿಡದು ಕೇಳಿದ್ಲು, "ಆ ಹೆಣ್ಣು ದನಿ ಎಲ್ಲಿ ಅದರಿ, ಕರಕೊಂಡು ಬಂದಿಲ್ಲೇನು?" ನಾ ಏನಂದೆ? "ಆಕಿ ಈಗ ಇಲ್ಲರಿ" ಅಂದೆ. ಇಲ್ಲ ಅಂದ್ರ ಇಲ್ಲಿ ಇಲ್ಲ, ಔರಾದದಾಗ ಅದಾಳ ಅಂತ ನನ್ನ ಅರ್ಥ. ಮಂದಿ "ಅಯ್ಯೋ" ಅಂದುಬಿಟ್ರು. ಇಡೀ ಹಾಲು "ಅಯ್ಯೋ" ಅಂತು. ಒಂದು ಮುದುಕಿ ಸೆರಗಲೇ ಕಣ್ಣು ವರಿಸಿದ್ಲು. ಆಮ್ಯಾಲ ಅಲ್ಲರಿ, ಜೀವಂತ ಅದಾಳ ಅಂತ ಹ್ಯಾಂಗ ಹೇಳಲಿ? ತಲಿ ಕೆಳಗ ಹಾಕಿದೆ. ಚಪ್ಪಾಳಿ… ಅಂಥಾ ಚಪ್ಪಾಳಿ ಮೊದಲು ಕೇಳಿರಲಿಲ್ಲ ನಾ.

ಒಂದೇ ಸಲ ರೀ. ಒಂದೇ ಸಲ.

…ಇಲ್ಲ. ಒಂದೇ ಸಲ ಅಲ್ಲ.

ಯಾಕ ಸುಮ್ಮನಿದ್ದೀರಿ? ನೀವು ಸುಮ್ಮನ ಕುಂತ್ರ ನನ್ನ ಬಾಯಿ ತಾನೇ ಬಿಚ್ಚತದ. ಪ್ರತಿ ವರ್ಷ ಅಂದೀನಿ. ಪ್ರತಿ ಸ್ಟೇಜಿನ ಮ್ಯಾಲ. ಶಾಲು ಹೊಚ್ಚಿಸಿಕೊಂಡು, ಮೈಕ್ ತೊಗೊಂಡು, "ಈ ಪ್ರಶಸ್ತಿ ನನ್ನದಲ್ಲ, ಸಣ್ಣ ವಯಸ್ಸಿನ್ಯಾಗ ನಮ್ಮನ್ನ ಬಿಟ್ಟು ಹೋದ ಗುಡಿಯಾಂದು" ಅಂತೀನಿ. ಒಂದು ನಿಮಿಷ ಮೌನ ಆಚರಸ್ತಾರ. ಸಾವಿರ ಮಂದಿ ಎದ್ದು ನಿಲ್ತಾರ ರೀ ನಿಮಗಾಗಿ! ಸಾಹೇಬರೂ ಎದ್ದು ನಿಲ್ತಾರ! ನನಗ ಯಾರೂ ಎದ್ದು ನಿಲ್ಲಂಗಿಲ್ಲ. ನನ್ನ ಹಾಡಿಗಲ್ಲ, ನಿಮ್ಮ ಸಾವಿಗಿ ಕೊಟ್ಟಾರ ಪ್ರಶಸ್ತಿ. ನಾ ಬರೇ ಇಸಗೊಂಡೀನಿ.

ಮಹಾಮಾಯಾ ಎರಡು ಸಲ ಬಂದಿದ್ಲು ನನ್ನ ಸಂಗಾಟ. ಮೂರನೇ ಸಲ ಬಾ ಅಂದ್ರ ಒಲ್ಲೆ ಅಂದ್ಲು. ಮಂದಿಗೆಲ್ಲ ಆಕಿಗಿ ಬೆನ್ನು ನೋವು ಅಂತ ಹೇಳ್ತೇನಿ. ಬೆನ್ನು ನೋವಲ್ಲ ರೀ. ಆಕಿ ಅಂದ್ಲು, "ನೀನು ಸುಳ್ಳು ಹೇಳ್ತಿ ಅಂತಲ್ಲ. ಸುಳ್ಳು ಎಲ್ಲಾರೂ ಹೇಳ್ತಾರ. ಆ ಸುಳ್ಳು ಹೇಳೋ ಮುಂದ ನಿನ್ನ ಕಣ್ಣಾಗ ಖರೇನ ನೀರು ಬರ್ತಾವ. ಅದು ನೋಡಿ ನನಗ ವಾಕರಿಕಿ ಬರ್ತದ." ಅಂದ್ಲು, ರೊಟ್ಟಿ ಬಡಕೋತನೇ ಅಂದ್ಲು. ಆ ದಿನದಿಂದ ನನಗೂ ಬರ್ತದ. ಆದ್ರೂ ಮುಂದಿನ ಸ್ಟೇಜಿನ ಮ್ಯಾಲ ಮತ್ತ ಅತ್ತೆ. ಥೂ ನನ್ನ ಜಲ್ಮಕ್ಕ.

ನಾಳೆ ನಿಮ್ಮ ಫೋಟೋಕ್ಕ ಹಾರ ಹಾಕ್ತಾರ ಆಪಾ. ಭಾತಂಬ್ರಾದ ಲಗ್ನದಾಗ ಢೋಲಕಿ ಹಿಡಕೊಂಡು ಕುಂತದ್ದು. ಜುಲ್ಫೀ ನನಗ ಕೊಟ್ಟಿದ್ದ. ದೊಡ್ಡದು ಮಾಡಸ್ಯಾರ, ಇಷ್ಟೆತ್ತರ. ಊದಿನಕಡ್ಡಿ ಹಚ್ಚತಾರ. ಅದು ಹ್ಯಾಂಗೋ ಇಲ್ಲಿನ ಒಬ್ಬ ಮಾಸ್ತರಿಗಿ ಗೊತ್ತಾಗಿ, ಅವ ಹಣಮಂತಪ್ಪಗ ಫೋನ್ ಮಾಡ್ಯಾನ, "ಈಕಿ ನಮ್ಮ ಓಣ್ಯಾಗೇ ಅದಾಳಲ್ಲರಿ" ಅಂತ. ಹಣಮಂತಪ್ಪ ನನಗ ಕೇಳಿದ, "ಖರೇ ಏನು ಹೇಳಪಾ, ಹಾರ ತರಿಸಬೇಕೋ ಕುರ್ಚಿ ಹಾಕಿಸಬೇಕೋ?" ಮಧ್ಯಾಹ್ನದ ಒಳಗ ಹೇಳ್ತೇನಿ ಅಂದು ಬಸ್ ಹತ್ತಿದೆ. ಈ ಶಾಲು ಯಾವ ಸಂಘದ್ದೂ ಅಲ್ಲ, ನನ್ನ ಕಪಾಟಿನ್ಯಾಗಿಂದು. ನಿಮ್ಮ ಬಾಯಿ ಮುಚ್ಚಸಾಕ ತಂದೀನಿ. ನಿಮಗ! ಬಾಯೇ ತೆಗಿಯದವರಿಗಿ!

ಎಲ್ಲಾ ಹೇಳಿದೆ ಈಗ. ಇನ್ನೇನೂ ಉಳದಿಲ್ಲ. ಖರೇ.

…ಅದನ್ನ ಕೇಳಾಕತ್ತೀರೇನು? ಭಾಲ್ಕಿಗಿ ಬಂದಿದ್ರಲ್ಲ ನೀವು, ಅದನ್ನ? ನಿಮ್ಮ ಯಜಮಾನರು ತೀರಿಕೊಂಡ ವರ್ಷ. ನನ್ನ ಬಾಗಿಲದಾಗ ನಿಂತು "ಈಗ ನನ್ನ ಯಾರೂ ತಡಿಯಂಗಿಲ್ಲ, ನಾ ಹಾಡ್ತೇನಿ" ಅಂದ್ರಿ. ಆವತ್ತು ನಿಮ್ಮ ಬಾಯಾಗ ಮಾತಿತ್ತು. ನಾ ಅಂದೆ, ಕ್ಯಾಸೆಟ್ ಜಮಾನಾ ಮುಗೀತು ಆಪಾ, ಈಗ ಯಾರೂ ಕೇಳಂಗಿಲ್ಲ. ಒಳಗ ಕರೀಲಿಲ್ಲ. ಯಾಕಂದ್ರ ಒಳಗ ಒಬ್ಬವ ಪೇಪರಿನವ ಕುಂತಿದ್ದ, ನಿಮ್ಮ ಸಾವಿನ ಬಗ್ಗೆನೇ ಬರಕೊಳ್ಳಾಕತ್ತಿದ್ದ.

ಆಮ್ಯಾಲ ಬೀದರದಾಗ ಒಂದು ಆರ್ಕೆಸ್ಟ್ರಾಕ್ಕ ಹೋಗಿದ್ರಂತ. ಮಾಲಕ ನನಗ ನಗಿಚಾಟಿಕಿ ಮಾಡಿ ಹೇಳಿದ, "ಒಬ್ಬಾಕಿ ಬುರ್ಖಾದಾಕಿ ಬಂದಿದ್ಲು, ನಾನೇ ಗುಡಿಯಾ ಅಂದ್ಲು. ಸತ್ತಾಕಿ ಹೆಸರಿನ ಮ್ಯಾಲ ಹೊಟ್ಟಿ ಹೊರಕೊಳ್ಳಾಕ ನಾಚಿಕಿ ಆಗಂಗಿಲ್ಲೇನು ಅಂತ ಬೈದು ಕಳಿಸಿದೆ." ಅವನ ಸಂಗಾಟ ನಾನೂ ನಕ್ಕೆ ಆಪಾ. ಕುಂತು ನಕ್ಕೆ. ಅಲ್ಲಿಂದ ಇಲ್ಲಿತನಕ ನೀವು ಹಳ್ಳು ಆರಿಸಾಕತ್ತೀರಿ.

ಗೊತ್ತಿತ್ತೇನು ನಿಮಗ, ಸತ್ತಾಳ ಅಂತ ಹೇಳಿದವ ನಾನೇ ಅಂತ?

ತಲಿನೂ ಅಲ್ಲಾಡಸವಲ್ರಿ.

ಜುಲ್ಫೀ ಹೇಳಿದ್ನೇನು? ಸಾಯೋಕಿಂತ ಮೊದಲು? ಕಂಪನಿಯವನ ಸುದ್ದಿ ಹೇಳಿದ್ನೇನು? …ಇಲ್ಲ ಅಂತ ಕಾಣ್ತದ. ಕಣ್ಣು ಎತ್ತಿದ್ರಿ ಈಗ. ನಾನೇ ಬಾಯಿ ಬಿಟ್ಟೆ.

ಕಲಬುರಗಿಯ ಸ್ಟೇಜು ಮೊದಲನೇದಲ್ಲ ರೀ. ಬಾಯಿ ತಪ್ಪಿದ್ದೂ ಅಲ್ಲ. ಅದಕ್ಕಿಂತ ಮೂರು ವರ್ಷ ಮೊದಲು, ತೊಂಬತ್ತೈದರಾಗ, ಹೈದರಾಬಾದಿಂದ ಒಬ್ಬವ ಬಂದಿದ್ದ. ಕ್ಯಾಸೆಟ್ ಕಂಪನಿಯವ. ಬಿಳೀ ಕಾರು. ಭಾಲ್ಕಿಯ ಆ ದುಕಾನದ ಮುಂದ ಇಳದು ಕೇಳಿದ, "ಗುಡಿಯಾ ಎಲ್ಲಿ ಅದಾರ? ಅವರ ಮನಿ ದಾರಿ ತೋರಸ್ರಿ." ನಾನೂ ಜುಲ್ಫೀನೂ ಅಲ್ಲೇ ನಿಂತಿದ್ದಿವಿ. ಜುಲ್ಫೀ ಬಾಯಿ ತೆಗಿಯೋದರ ಒಳಗ ನಾ ಅಂದೆ… "ಗುಡಿಯಾ ತೀರಿಕೊಂಡಾರ ರೀ. ಹೋದ ತಿಂಗಳು." ಅಂದೆ. ನಿಮ್ಮ ಸ್ವಂತ ತಮ್ಮನ ಮುಂದ. ಜುಲ್ಫೀ ಬೆಂಜೋ ಅಲ್ಲೇ ಕಟ್ಟಿಮ್ಯಾಲ ಇಟ್ಟು ನಡದುಬಿಟ್ಟ. ದೊಡ್ಡ ಆರ್ಕೆಸ್ಟ್ರಾ ಸಿಕ್ತು, ನನ್ನ ಬಿಟ್ಟು ಹೋದ ಅಂತ ಊರ ತುಂಬ ಹೇಳೀನಿ. ಇಲ್ಲರಿ. ಆ ದಿನದಿಂದ ಅವ ನನ್ನ ಸಂಗಾಟ ಮಾತಾಡಲಿಲ್ಲ. ಮಯ್ಯತ್ತಿಗಿ ಬರಾಕ ಮಾರಿ ಇರಲಿಲ್ಲ ನನಗ, ಪ್ರೋಗ್ರಾಮ ಯಾವುದೂ ಇರಲಿಲ್ಲ.

ನಿಮ್ಮ ಇಜ್ಜತ್ತಿಗಾಗಿ ಅಂದೆ ಆಪಾ! ನಿಮ್ಮ ಅತ್ತೀಮನಿಯವರಿಗೆ ಗೊತ್ತಾಗಿದ್ರ ಹೊರಗ ಹಾಕತಿದ್ರು, ಮಕ್ಕಳು ಸಣ್ಣವು ಇದ್ವು, ನೀವೇ ಹೆಸರು ಬ್ಯಾಡ ಅಂದಿದ್ರಿ… ನಿಮ್ಮ ಇಜ್ಜತ್ತು ಕಾಯಾಕ…

ಯಾಕ ಮರ ಬಾಜೂಕ ಇಟ್ರಿ? ಏನರೆ ಅನ್ರಿ. ಛೀ ಅನ್ನಾಕರೆ ಒಂದು ಮಾತು ಸಾಕು. ಆ ಸೀಳಿದ ದನಿಲೇ ಒಂದು ಬೈಗಳ…

ಫೋನ್ ಬರಾಕತ್ತದ. ಅವನೇ. ಹಣಮಂತಪ್ಪ.

ನೀವು ತೊಗೊಳ್ರಿ ಆಪಾ. ಹಿಡೀರಿ. ಸ್ಪೀಕರ್ ಹಚ್ಚೀನಿ. ನೀವೇ ಮಾತಾಡ್ರಿ, ನಿಮ್ಮ ದನಿ ಕೇಳಲಿ ಅವ, ಅದರಮ್ಯಾಲ ಏನು ಬೇಕಾದ್ದು ಆಗಲಿ. …ಕೈ ಚಾಚವಲ್ರಿ. ಮಾತಾಡ್ರಿ ರೀ! …ನಾನೇ ಹೇಳಬೇಕೇನು?

ಹಲೋ. ಹಾಂ, ಹಣಮಂತಪ್ಪನೋರೆ. ನಾನೇ. ಔರಾದದಾಗೇ ಅದೀನಿ.

ಹಾರ ಬ್ಯಾಡ್ರಿ. ಕುರ್ಚಿ ಹಾಕಸ್ರಿ. ಅದಾರ. ನನ್ನ ಮುಂದೇ ಕುಂತಾರ. ಹಮೀದುನ್ನಿಸಾ ಅಂತ ಅವರ ಹೆಸರು… ಬರ್ಕೊಳ್ರಿ, ಹ-ಮೀ-ದು-ನ್ನಿ-ಸಾ. ಆ ಹಾಡು ಕಟ್ಟಿದವರೂ ಅವರೇ, ಹಾಡಿದವರೂ ಅವರೇ. ಬರ್ತಾರೋ ಇಲ್ಲೋ ನನಗ ಗೊತ್ತಿಲ್ಲ. ನಾ ಮಾತ್ರ ಬರಂಗಿಲ್ಲ.

ಇಲ್ಲರಿ, ತಪ್ಪು ತಿಳುವಳಿಕಿ ಅಲ್ಲ. ಯಾರೋ ಹೇಳಿದ್ದೂ ಅಲ್ಲ. ನಾನೇ ಹೇಳಿದ್ದೆ, ಕಂಪನಿಯವನಿಗಿ, ಎದುರಿಗಿ ನಿಂತು, ಸತ್ತಾಳ ಅಂತ.

ಯಾಕ ಅಂದ್ರ…

…ಆಪಾ, ಈಗರೆ ಆಕಡಿ ನೋಡ್ರಿ. ಮಾರಿ ತಿರುವ್ರಿ ಸ್ವಲ್ಪ. …ಇಲ್ಲ?

ಇಜ್ಜತ್ತಿಗಲ್ಲ ರೀ ಹಣಮಂತಪ್ಪನೋರೆ. ಕಂಪನಿಯವ ನನಗ ಇನ್ನೊಂದು ಮಾತು ಅಂದಿದ್ದ. "ನಮಗ ಆ ಹೆಣ್ಣಮಗಳು ಒಬ್ಬಾಕಿನೇ ಸಾಕು" ಅಂದಿದ್ದ. "ನೀ ಬ್ಯಾಡ" ಅಂದಿದ್ದ.